ತಾಯಿಯಿಂದ ಮಗಳಿಗೆ ಬಂದ ಪೌರತ್ವ

ಬೈಲಕುಪ್ಪೆಯ ಒಂದು ಟಿಬೆಟನ್ ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿ ಹುಟ್ಟಿದ್ದು ಟಿಬೆಟ್ಟಿನಲ್ಲಿ. ಮಗಳು 1970ರಲ್ಲಿ, ಮೊಮ್ಮಗಳು 1990ರಲ್ಲಿ ಇಲ್ಲಿಯೇ. ಮನೆಮಾತು ಒಂದೇ ಆದರೂ ಕಾನೂನಿನ ಕಣ್ಣಿಗೆ ಮೂವರೂ ಬೇರೆ ಬೇರೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅಂದಿನ ಮೈಸೂರು ಸರ್ಕಾರ ಅವರಿಗೆ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಕಾಡು ಸವರಿ ಮುಸುಕಿನ ಜೋಳ ಬೆಳೆದ ಆ ಹೆಂಗಸರೇ ಇಂದಿನ ಅಜ್ಜಿಯರು.

ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಇಲ್ಲಿನ ಪ್ರಜೆಗಳು. ಅಲ್ಲಿಂದ 2004ರ ಡಿಸೆಂಬರ್‌ವರೆಗೆ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ಹಾಗಾಗಿ ಅಜ್ಜಿ ನಿರಾಶ್ರಿತೆ, ಮಗಳು ಪ್ರಜೆ. ಮೊಮ್ಮಗಳಿಗೆ ಆ ಹಕ್ಕು ತಾಯಿಯಿಂದ ಬರುತ್ತದೆ.

ಆದರೆ ಅಧಿಕಾರಿಗಳು ಇಲ್ಲಿ ಹುಟ್ಟಿದವರನ್ನೂ ವಿದೇಶಿಯರೆಂದೇ ನೋಂದಾಯಿಸುತ್ತಿದ್ದರು. 1986ರಲ್ಲಿ ಹುಟ್ಟಿದ ಟಿಬೆಟನ್ ಯುವತಿಯೊಬ್ಬಳು ಪಾಸ್‌ಪೋರ್ಟ್ ಕೇಳಿ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2010ರಲ್ಲಿ ಆಕೆಯ ಪೌರತ್ವವನ್ನು ಎತ್ತಿಹಿಡಿಯಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದೇ ಹಾದಿ ಹಿಡಿಯಿತು.

ಇಷ್ಟಾದರೂ ಪ್ರಜೆಯಾದರೆ ಟಿಬೆಟ್ಟನ್ನು ಕೈಬಿಟ್ಟಂತಾದೀತೆಂಬ ಅಳುಕು ಹಲವರಲ್ಲಿದೆ. ತಾಯಿ ತನ್ನ ಹಕ್ಕು ಕೇಳದಿದ್ದರೆ, ಮಗಳು ತನ್ನದನ್ನು ಸಾಬೀತುಪಡಿಸುವುದು ಕಷ್ಟ.