ನೀತಿಯ ಪಾಠಶಾಲೆ: ಹರದನಹಳ್ಳಿ ಮತ್ತು ಬೀದರ್

ಧರ್ಮಶ್ರದ್ಧೆಯಿಂದ ಪ್ರೇರಣೆ ಪಡೆದು ವೈದ್ಯಕೀಯ, ವ್ಯಾಪಾರ, ಆಡಳಿತಗಳಲ್ಲಿನ ಸರಿ ತಪ್ಪುಗಳ ಕುರಿತು ಸಂಶೋಧನೆ, ಬೋಧನೆ ನಡೆಸುವ ಸಂಸ್ಥೆಗಳು ಇಂದು ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿವೆ. ಇದು ಹೊರಗಿನಿಂದ ಬಂದ ಹೊಸ ಕಲ್ಪನೆಯೆಂದು ನಾವು ಭಾವಿಸುವುದುಂಟು. ಆದರೆ ಗುಂಡ್ಲುಪೇಟೆ, ಚಾಮರಾಜನಗರದ ಸೀಮೆಯಲ್ಲಿರುವ ನಮಗೆ ಇದರ ಬೇರು ಹುಡುಕಲು ದೂರ ಹೋಗಬೇಕಾಗಿಲ್ಲ.

ಚಾಮರಾಜನಗರದ ಬಳಿಯ ಹರದನಹಳ್ಳಿಯಲ್ಲಿ ಗೋಸಲ ಚನ್ನಬಸವೇಶ್ವರರ ಮಠವಿತ್ತು. ಇದೇ ಊರಿನಲ್ಲಿ ಹುಟ್ಟಿದ ಸಿದ್ಧಲಿಂಗರು ಅವರ ಶಿಷ್ಯರಾದರು. ಮುಂದೆ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ತೋಂಟದ ಸಿದ್ಧಲಿಂಗರೆನಿಸಿ, ಎಡೆಯೂರಿನಲ್ಲಿ ಸಮಾಧಿಸ್ಥರಾದರು. ಅವರೊಂದಿಗೆ 701 ವಿರಕ್ತರು ನಾಡು ಸುತ್ತಿದರೆಂದು ಪರಂಪರೆ ಹೇಳುತ್ತದೆ. 12ನೇ ಶತಮಾನದ ಕಲ್ಯಾಣದ ಕ್ರಾಂತಿಯ ನಂತರ ಚದುರಿಹೋಗಿದ್ದ ವಚನಗಳನ್ನು ಸಂಗ್ರಹಿಸಿ, ಜೋಡಿಸಿ, ಅರ್ಥ ಹೇಳುವ ಕೆಲಸ 15 ಮತ್ತು 16ನೇ ಶತಮಾನಗಳಲ್ಲಿ ಇಂತಹ ವಿರಕ್ತರಿಂದ ನಡೆಯಿತು. ಇಂದಿನ ಭಾಷೆಯಲ್ಲಿ ಇದನ್ನೇ ಸಂಶೋಧನೆ ಎನ್ನುತ್ತೇವೆ.

ಹಾಗೆ ರೂಪುಗೊಂಡ 'ಶೂನ್ಯಸಂಪಾದನೆ'ಯಲ್ಲಿ ಒಂದು ಪ್ರಸಂಗವಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಆಸೆ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಸರಳವಾದ ಪಾಠ ಯಾವುದಿದೆ?

ನಾಡಿನ ದಕ್ಷಿಣದ ತುದಿಯಲ್ಲಿ ಈ ಪರಂಪರೆ ಬೆಳೆಯುತ್ತಿದ್ದ ಕಾಲದಲ್ಲೇ ಉತ್ತರದ ತುದಿಯ ಬೀದರಿನಲ್ಲಿ ಇನ್ನೊಂದು ವಿದ್ಯಾಕೇಂದ್ರವಿತ್ತು. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ಮದ್ರಸಾ ಕಟ್ಟಿಸಿದನು. ಮೂರು ಅಂತಸ್ತಿನ ಆ ಕಟ್ಟಡದ ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆನ್ನುತ್ತಾರೆ. ಅಖ್ಲಾಖ್, ಅಂದರೆ ಸಚ್ಚಾರಿತ್ರ್ಯ, ಪಾರ್ಸಿ ವಿದ್ವತ್ತಿನ ಒಂದು ಶಾಸ್ತ್ರವೇ ಆಗಿತ್ತು. ಸಚ್ಚಾರಿತ್ರ್ಯವನ್ನು ಪೂರ್ಣಗೊಳಿಸಲೆಂದೇ ತಾವು ಬಂದಿರುವುದಾಗಿ ಪ್ರವಾದಿವರ್ಯರು(ಸ) ತಿಳಿಸಿದ್ದರು. ಆದರೆ ಗವಾನನ ದೊಡ್ಡ ಪಾಠ ಗ್ರಂಥದಲ್ಲಿರಲಿಲ್ಲ. ಆತ ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದನೆಂದೂ ಸ್ವಂತ ವ್ಯಾಪಾರದ ಗಳಿಕೆಯಲ್ಲೇ ಬದುಕುತ್ತಿದ್ದನೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. 1481ರಲ್ಲಿ ವಿರೋಧಿಗಳು ಆತನ ಮುದ್ರೆಯೊತ್ತಿದ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಣೆಯನ್ನೂ ಮಾಡದೆ ಆತನನ್ನು ಕೊಲ್ಲಿಸಿದನು. ಕೆಲವೇ ವರ್ಷಗಳಲ್ಲಿ ಬಹಮನಿ ರಾಜ್ಯ ಒಡೆಯಿತು. 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಿಂದ ಮದ್ರಸಾದ ಒಂದು ಭಾಗವೂ ಕುಸಿಯಿತು.

ಹರದನಹಳ್ಳಿಯ ಪರಂಪರೆಗೆ ಅಂತಹ ಭವ್ಯ ಕಟ್ಟಡವಿರಲಿಲ್ಲ, ಆದರೆ ಶಿಷ್ಯರಿದ್ದರು. ಸಿದ್ಧಲಿಂಗರ ಹೆಸರಿನಲ್ಲಿರುವ ಗದಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆ ನಮ್ಮ ಕಾಲದಲ್ಲಿ ನೂರಾರು ಗ್ರಂಥಗಳನ್ನು ಪ್ರಕಟಿಸಿತು. 2018ರಲ್ಲಿ ನಿಧನರಾದ ಅಲ್ಲಿನ ಸಿದ್ಧಲಿಂಗ ಸ್ವಾಮೀಜಿ ಕೋಮು ಸೌಹಾರ್ದಕ್ಕಾಗಿ ಎಲ್ಲ ಸಮುದಾಯಗಳ ಗೌರವ ಗಳಿಸಿದ್ದರು.

ಇಂದು ನಮ್ಮ ಸಮುದಾಯವೂ ಶಾಲೆ, ಕಾಲೇಜುಗಳನ್ನು ಕಟ್ಟುತ್ತಿದೆ. ಸಂತೋಷದ ವಿಷಯ. ಆದರೆ ನೀತಿಶಿಕ್ಷಣಕ್ಕೆ ವಾರಕ್ಕೊಂದು ಪಿರಿಯಡ್ ಇಟ್ಟು, ಬಡ ವಿದ್ಯಾರ್ಥಿಯಿಂದ ಡೊನೇಷನ್ ಪಡೆದರೆ, ಶಿಕ್ಷಕರಿಗೆ ಸಕಾಲಕ್ಕೆ ಸಂಬಳ ಕೊಡದಿದ್ದರೆ ಮಕ್ಕಳು ಕಲಿಯುವುದು ಯಾವ ನೀತಿಯನ್ನು? ಲಕ್ಕಮ್ಮನ ಅಕ್ಕಿಯ ಲೆಕ್ಕವೂ ಗವಾನನ ಮಣ್ಣಿನ ಪಾತ್ರೆಯೂ ನಮ್ಮ ಆಡಳಿತ ಮಂಡಳಿಗಳ ಮುಂದಿಡುವ ಪ್ರಶ್ನೆ ಇದೇ. ಮಕ್ಕಳಿಗೆ ಪಠ್ಯ ಗೊತ್ತುಮಾಡುವ ಮೊದಲು ನಾವು ಅದಕ್ಕೆ ಉತ್ತರಿಸಬೇಕಾಗಿದೆ.