ಒಕ್ಕದ ಹೆಸರಿನಲ್ಲೊಂದು ತಂಡ

ಬೇಸಿಗೆ ರಜೆ ಶುರುವಾದರೆ ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗಿನ ಕಡೆ ಹೋಗುವ ಬಸ್ಸುಗಳಲ್ಲಿ ಹಾಕಿ ಸ್ಟಿಕ್ಕುಗಳು ಕಾಣುತ್ತವೆ. ಒಮ್ಮೆ ಪಿರಿಯಾಪಟ್ಟಣದ ನಿಲ್ದಾಣದಲ್ಲಿ ಹತ್ತು ವರ್ಷದ ಹುಡುಗನೊಬ್ಬನ ಸ್ಟಿಕ್ಕಿಗೆ ಸುತ್ತಿದ್ದ ಪಟ್ಟಿ ಬಿಚ್ಚಿಕೊಂಡಿತ್ತು. ಪಕ್ಕದ ಹಿರಿಯರು ಅದನ್ನು ಮಡಿಲಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಮತ್ತೆ ಸುತ್ತುತ್ತಿದ್ದರು. ಯಾವ ಟೀಮಪ್ಪಾ ಎಂದೆ. “ಅಜ್ಜನೂ ನಾನೂ ಒಂದೇ ಟೀಮು” ಎಂದ.

ಅಜ್ಜನನ್ನೂ ಮೊಮ್ಮಗನನ್ನೂ ಒಂದೇ ತಂಡದಲ್ಲಿ ನಿಲ್ಲಿಸಿದವರು ಪಾಂಡಂಡ ಕುಟ್ಟಪ್ಪ.

ಅವರಿಗಿಂತ ಮೊದಲೂ ಕೊಡಗಿನಲ್ಲಿ ಹಾಕಿ ಹುಲುಸಾಗಿಯೇ ಇತ್ತು. ಸೈನ್ಯ, ಶಾಲೆಯ ಮೈದಾನ, ಕೊಯ್ಲು ಮುಗಿದ ಗದ್ದೆ ಎಲ್ಲವೂ ಆಟಗಾರರನ್ನು ಬೆಳೆಸಿದವು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ. ಗಣೇಶ್, ಸೋಮವಾರಪೇಟೆಯ ಬಿ.ಪಿ. ಗೋವಿಂದ ಇದ್ದರು. ಮರುವರ್ಷ ಗಣೇಶ್ ನಾಯಕತ್ವದಲ್ಲಿ ಭಾರತಕ್ಕೆ ವಿಶ್ವಕಪ್‌ನ ಬೆಳ್ಳಿ ಬಂತು. 1975ರಲ್ಲಿ ವಿಶ್ವಕಪ್ಪನ್ನೇ ಗೆದ್ದ ತಂಡದಲ್ಲೂ ಗೋವಿಂದ ಆಡಿದರು. 1980ರಲ್ಲಿ ಮಾಸ್ಕೋದ ಚಿನ್ನದಲ್ಲಿ ಪಾಲು ಪಡೆದ ಎಂ.ಎಂ. ಸೋಮಯ್ಯ 1988ರಲ್ಲಿ ಸಿಯೋಲ್‌ನಲ್ಲಿ ನಾಯಕರಾದರು. ಆಮೇಲೆ ಗೋಲು ಕಾಯಲು ಎ.ಬಿ. ಸುಬ್ಬಯ್ಯ ಬಂದರು.

ಆದರೆ ಇದು ಆಯ್ಕೆಯಾದವರ ಹಾಕಿ. ಸ್ಟೇಟ್ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ಕುಟ್ಟಪ್ಪನವರ ಯೋಚನೆ ಬೇರೆಯಿತ್ತು. ಕೊಡವರಲ್ಲಿ ಒಂದೇ ಮೂಲಪುರುಷನ ಸಂತತಿಯನ್ನು ಒಕ್ಕ ಎನ್ನುತ್ತಾರೆ. ಹೆಸರಿಗೆ ಮೊದಲು ಬರುವುದೇ ಒಕ್ಕದ ಹೆಸರು. ಉದ್ಯೋಗಕ್ಕೆಂದು ಮೈಸೂರು, ಬೆಂಗಳೂರು ಸೇರಿದ ಮಕ್ಕಳಿಗೆ ಒಕ್ಕದ ಮೂಲಮನೆಯಾದ ಐನ್‌ಮನೆ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು. ಒಕ್ಕವನ್ನೇ ತಂಡ ಮಾಡಿದರೆ? 1997ರಲ್ಲಿ ವಿರಾಜಪೇಟೆ ಬಳಿಯ ಕರಡದಲ್ಲಿ ಸಹೋದರ ಕಾಶಿಯವರ ಜೊತೆ ಸೇರಿ ಪಾಂಡಂಡ ಕಪ್ ನಡೆಸಿದರು. ಅರವತ್ತು ಒಕ್ಕಗಳು ಬಂದವು.

ಹನ್ನೊಂದು ಜನ ಬೇಕು, ಎಲ್ಲರೂ ಒಂದೇ ಒಕ್ಕದವರಾಗಬೇಕು ಎಂದಾಗ ರಾಷ್ಟ್ರೀಯ ಆಟಗಾರನ ಪಕ್ಕದಲ್ಲಿ ಚಿಕ್ಕಪ್ಪನೂ ನಿಲ್ಲಬೇಕಾಗುತ್ತದೆ, ಕಾಲೇಜು ಹುಡುಗಿಯೂ ಓಡಬೇಕಾಗುತ್ತದೆ. ಈ ಒಂದು ನಿಯಮವನ್ನು ನಾನು ಒಲಿಂಪಿಕ್ ಪದಕಗಳ ಸಾಲಿನಲ್ಲೇ ಇಡುತ್ತೇನೆ. ಇನ್ನೊಂದು ಜಾಣತನವೂ ಅದರಲ್ಲಿತ್ತು: ವರ್ಷಕ್ಕೊಂದು ಒಕ್ಕ ಹೊಣೆ ಹೊರುತ್ತದೆ, ಕಪ್ಪಿಗೆ ಆ ಒಕ್ಕದ್ದೇ ಹೆಸರು. ಹಾಗಾಗಿ ಈ ಹಾಕಿ ಹಬ್ಬ ಯಾವ ಸಂಘದ ಸ್ವತ್ತೂ ಆಗಲಿಲ್ಲ.

2018ರಲ್ಲಿ ನಾಪೋಕ್ಲುವಿನ ಕುಲ್ಲೇಟಿರ ಕಪ್‌ಗೆ ಬಂದ ತಂಡಗಳು 329. ಅದೇ ಮಳೆಗಾಲದಲ್ಲಿ ಬೆಟ್ಟ ಕುಸಿಯಿತು, ಮನೆಗಳು ಹೋದವು, ಮುಂದಿನ ವರ್ಷ ಹಬ್ಬ ನಿಂತಿತು. ಹಿಂದೆಯೇ ಕೋವಿಡ್. ಮೈದಾನಗಳು ಮೌನವಾಗಿದ್ದ 2020ರಲ್ಲಿ ಕುಟ್ಟಪ್ಪನವರು ತೀರಿಕೊಂಡರು. ಮತ್ತೆ ಜನ ಸೇರಿದ್ದನ್ನು ಅವರು ನೋಡಲಿಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ. 2023ರಲ್ಲಿ ಅಪ್ಪಚೆಟ್ಟೋಳಂಡ ಕಪ್‌ಗೆ 336 ತಂಡ, ಮರುವರ್ಷ ಕುಂಡ್ಯೋಳಂಡ ಕಪ್‌ಗೆ 360. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಒಕ್ಕ ಹಬ್ಬ ನಡೆಸಿದಾಗ 396 ಒಕ್ಕಗಳು ಹೆಸರು ಬರೆಸಿದ್ದವು.