ಒಲಿದೇವರ ಬಾಯಿ ಅಂಟಿಸೋ ಸಿಹಿ

ಚೀನಾದವರು ಹೊಸ ವರ್ಷಕ್ಕ ಮಾಡೋ ಅಂಟಕ್ಕಿ ಸಿಹಿಗೆ ನಿಯನ್‌ಗಾವ್ ಅಂತಾರ. ನಿಯನ್ ಅಂದ್ರ ವರ್ಷ, ಗಾವ್ ಅಂದ್ರ ಹಿಟ್ಟಿನ ಗಟ್ಟಿ ತಿನಿಸು. ಇದೇ ಉಚ್ಚಾರದ ಇನ್ನೊಂದು ಶಬ್ದಕ್ಕ 'ಎತ್ತರ' ಅಂತ ಅರ್ಥ ಅದ. ಹಿಂಗಾಗಿ ಇದನ್ನ ತಿಂದ್ರ ವರ್ಷದಿಂದ ವರ್ಷಕ್ಕ ಮನಿ ಏಳಿಗಿ ಆಗ್ತದ ಅನ್ನೋ ನಂಬಿಗಿ.

ಅಲ್ಲೆ ಪ್ರತಿ ಅಡಗಿಮನಿಗೂ ಒಬ್ಬ ಒಲಿದೇವರು ಇರ್ತಾನ. ವರ್ಷದ ಕೊನಿಗೆ ಅಂವ ಸ್ವರ್ಗಕ್ಕ ಹೋಗಿ ಮನಿ ಸುದ್ದಿ ಎಲ್ಲಾ ಒಪ್ಪಸ್ತಾನಂತ. ಅದಕ್ಕ ಅಂಟು ಸಿಹಿ ನೈವೇದ್ಯ ಮಾಡಿ ಬಾಯಿ ಅಂಟಿಸೇ ಕಳಸ್ತಾರ. ಅತ್ತಿ-ಸೊಸಿ ಮಾತು ಮ್ಯಾಲಿನ ತನಕಾ ಹೋಗಬಾರದಲ್ರೀ!

ಸುಝೌ ಊರಾಗ ಒಂದು ಹಳೇ ಕಥಿ ಅದ. ಕ್ರಿ.ಪೂ. 484ರಾಗ ತೀರಿಕೊಂಡ ಮಂತ್ರಿ ವೂ ಝಿಶು, ಕೋಟೆ ಗ್ವಾಡಿ ಬುಡಕ್ಕ ಅಂಟಕ್ಕಿ ಹಿಟ್ಟಿನ ಇಟ್ಟಂಗಿ ಇಡಿಸಿದ್ದನಂತ. ಮುಂದ ವೈರಿ ಮುತ್ತಿಗಿ ಹಾಕಿದಾಗ ಮಂದಿ ಅದನ್ನ ಅಗದು ತಿಂದು ಜೀವ ಉಳಿಸಿಕೊಂಡರಂತ. ಇದು ಕಥಿ ಇರಬಹುದು. ಆದ್ರ ಗ್ವಾಡಿಗೆ ಅಂಟಕ್ಕಿ ಹಾಕಿದ್ದು ಖರೇ. ಮಿಂಗ್ ಅರಸರ ಕಾಲದ ಕೋಟೆಗಳ ಗಾರಿಯೊಳಗ ಸುಣ್ಣದ ಜೋಡಿ ಇದೇ ಅಕ್ಕಿ ಗಂಜಿ ಕಲಸಿದ್ರು ಅಂತ ಈಗಿನ ಪರೀಕ್ಷೆಯೊಳಗ ಗೊತ್ತಾಗೇದ.

ಮಾಡೋ ರೀತಿ ನೋಡ್ರಿ. ಅಂಟಕ್ಕಿ ನೆನಸಿ, ಬೀಸುಕಲ್ಲಿನಾಗ ನೀರು ಹಾಕಿ ಬೀಸಬೇಕು. ಹಿಟ್ಟನ್ನ ಅರಬಿಯೊಳಗ ಕಟ್ಟಿ, ಮ್ಯಾಲೆ ಭಾರ ಹೇರಿ ನೀರು ಬಸೀಬೇಕು. ನಮ್ಮ ಬೆಲ್ಲದಂಥಾ ಕಂದು ಸಕ್ಕರಿ ಪಾಕ ಕಲಸಿ, ಉಗಿ ಮ್ಯಾಲ ತಾಸುಗಟ್ಟಲೆ ಬೇಯಿಸಬೇಕು. ದಕ್ಷಿಣ ಚೀನಾದಿಂದ ಮಲೇಷ್ಯಾಕ್ಕ ಹೋಗಿ ನೆಲೆಸಿದವರು ಡಬ್ಬಿಗೆ ಬಾಳಿ ಎಲಿ ಹಾಸಿ ಬೇಯಸ್ತಾರ. ನಡುವ ಒಂದು ಒಣಾ ಕೆಂಪು ಬಾರಿಹಣ್ಣು ಇಡೋದೂ ಅದ. ಗಟ್ಟಿ ಆದ ಮ್ಯಾಲ ಕೊಯ್ದು ಎಣ್ಣಿಯೊಳಗ ಕರೀತಾರ.

ಇಷ್ಟು ಹಳೇ ಸಿಹಿಗೂ ಕಷ್ಟಕಾಲ ಬಂತು. 1955ರಿಂದ ಅಲ್ಲಿ ಧಾನ್ಯಕ್ಕ ರೇಷನ್ ಚೀಟಿ ಶುರು ಆತು, ಅದು 1993ರ ತನಕಾ ನಡೀತು. 1966ರ ಸಾಂಸ್ಕೃತಿಕ ಕ್ರಾಂತಿಯೊಳಗ ಒಲಿದೇವರ ಪೂಜಿ ಮೂಢನಂಬಿಗಿ ಅನಿಸಿಕೊಂಡ್ತು. 1967ರಾಗ ಹೊಸ ವರ್ಷದ ರಜಾನೂ ರದ್ದಾತು. ಚೀಟಿ ಅಕ್ಕಿಯೊಳಗ ಒಂದೊಂದು ಹಿಡಿ ಉಳಿಸಿ, ಸದ್ದಿಲ್ಲದ ಬೇಯಿಸಿ, ಮಗಳಿಗೆ ಸೊಸಿಗೆ ಕೈಯಳತಿ ತೋರಿಸಿಕೊಟ್ಟವರು ಇದ್ದದ್ದಕ್ಕನ ಈ ಸಿಹಿ ಇವತ್ತಿಗೂ ಉಳದದ ಅಂತ ನನಗ ಅನಸ್ತದ.

ಕಥಿಯೊಳಗ ಮಂತ್ರಿ ಹೆಸರು ಉಳೀತು. ಅಕ್ಕಿ ಬೀಸಿದವರ ಹೆಸರು ಎಲ್ಲೂ ಇಲ್ಲ. ನಿಮ್ಮ ಮನಿ ಹಿರೇರು ಇನ್ನೂ ಕೈಯಳತಿ ಹೇಳೋ ಹಂಗ ಇದ್ರ, ಈ ವಾರನ ಅವರ ಮುಂದ ಕೂತು, ಅವರ ಹೆಸರು ಹಾಕೇ ಬರಕೊಳ್ರಿ.